ಮೊಣಕಾಲು ಊರಿದ ಜಾಗ

ಸವಳಂಗದ ಚಿತ್ತಪ್ಪನನ್ನು ದೂರದಿಂದಲೇ ಗುರುತು ಹಿಡಿಯಬಹುದು. ಏಪ್ರಿಲ್ ಬಿಸಿಲಿನಲ್ಲೂ ಕಾಲಿಗೆ ದಪ್ಪ ರಬ್ಬರ್ ಬೂಟು, ಎರಡೂ ಕೈ ಮುಷ್ಟಿ ಕಟ್ಟಿಕೊಂಡು ಟಾರು ರಸ್ತೆಯ ಮೇಲೆಯೇ ನಡೆದು ಬರುತ್ತಾನೆ. ಬಸ್ಸಿನವರು ಹಾರ್ನ್ ಹೊಡೆದು ಬೈದರೂ ಪಕ್ಕದ ಮಣ್ಣಿಗೆ ಇಳಿಯುವುದಿಲ್ಲ. ಗೊತ್ತಿಲ್ಲದವರು ಅರೆಹುಚ್ಚ ಎನ್ನುತ್ತಾರೆ. ಗೊತ್ತಿದ್ದವರು ಅವನು ಎಲ್ಲಿ ನಿಲ್ಲುತ್ತಾನೆ ಎಂದು ನೋಡುತ್ತಾರೆ.

ನಾನು ಗೊತ್ತಿದ್ದವನು. ನನ್ನ ಹೆಸರು ಖಲೀಲ್, ಹೊನ್ನಾಳಿಯಲ್ಲಿ ಬೋರ್‌ವೆಲ್ ಏಜೆಂಟ್. ಕೊರೆಸುವ ರೈತರಿಗೂ ಕೊರೆಯುವ ಲಾರಿಯವರಿಗೂ ನಡುವೆ ನಿಂತು ಇಬ್ಬರಿಂದಲೂ ಬೈಸಿಕೊಳ್ಳುವ ಕೆಲಸ. ಹದಿನಾರು ವರ್ಷ ಚಿತ್ತಪ್ಪ ನನಗೆ ಅನ್ನ ಕೊಟ್ಟ. ಆಮೇಲೆ ಆ ಅನ್ನಕ್ಕೆ ಮಣ್ಣು ಹಾಕಿದವನೂ ಅವನೇ. ಆ ಸಿಟ್ಟು ನನಗೆ ಇನ್ನೂ ಪೂರ್ತಿ ಹೋಗಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಎಲ್ಲಾದರೂ ನಾನು ಅವನ ಕಡೆಗೋ ವಿರುದ್ಧವೋ ವಾಲಿದರೆ ನಿಮಗೆ ಅಂದಾಜು ಸಿಗಲಿ.

ಚಿತ್ತಪ್ಪ ನೀರು ನೋಡುವವನು. ಜುಟ್ಟು ಬಿಟ್ಟು ಸುಲಿದ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಬರಿಗಾಲಲ್ಲಿ ಹೊಲ ಸುತ್ತುತ್ತಿದ್ದ. ಕೆಳಗೆ ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತಿತ್ತು. ಅಲ್ಲೊಂದು ಕಲ್ಲಿಡುತ್ತಿದ್ದ. ಅದಕ್ಕೆ ಪಾಯಿಂಟಿನ ಕಲ್ಲು ಎನ್ನುತ್ತೇವೆ. ಒಮ್ಮೆ ಇಟ್ಟ ಮೇಲೆ ಅದನ್ನು ಯಾರೂ ಮುಟ್ಟುವಂತಿಲ್ಲ, ದಾಟುವಂತಿಲ್ಲ, ಹೊಲದ ಯಜಮಾನನೂ ಅಷ್ಟೆ. ಲಾರಿ ಬಂದು ಕಲ್ಲಿದ್ದಲ್ಲೇ ಕೊರೆಯಬೇಕು. ಇದೆಲ್ಲ ನಿಜವೋ ಸುಳ್ಳೋ ನನ್ನನ್ನು ಕೇಳಬೇಡಿ. ನೀರು ಹುಡುಕುವ ಮಷಿನ್ ಹೊತ್ತು ತರುವ ಓದಿದವರ ಪಾಯಿಂಟು ಹತ್ತರಲ್ಲಿ ಐದು ಫೇಲಾಗುತ್ತಿದ್ದವು, ಚಿತ್ತಪ್ಪನವು ಎರಡು. ವ್ಯಾಪಾರಸ್ಥನಿಗೆ ಅಷ್ಟು ಸಾಕು.

ಸಂತೇಬೆನ್ನೂರು, ಕೆರೆಬಿಳಚಿ ಕಡೆಯ ತೋಟದವರು ಕಾರು ಕಳಿಸಿ ಅವನನ್ನು ಕರೆಸಿಕೊಳ್ಳುತ್ತಿದ್ದರು. ಅವರು ಕೊಡುವುದು ಒಂದು ಕಡೆ, ಪ್ರತಿ ಕಲ್ಲಿಗೆ ನಾನು ಕೊಡುವ ಕಮಿಷನ್ ಇನ್ನೊಂದು ಕಡೆ. ಎರಡು ಮೊಬೈಲು ಬಂದವು, ಬೆರಳಿಗೆ ಉಂಗುರ ಬಂತು. ಸವಳಂಗದ ಮನೆಗೆ ಮೇಲೊಂದು ಮಾಳಿಗೆ ಎಬ್ಬಿಸಲು ಕಂಬಿಗಳೂ ನಿಂತವು. ಅವನ ಹೆಂಡತಿ ದುರುಗಕ್ಕ ಆ ಮಾಳಿಗೆಗೆ ಯಾವ ಬಣ್ಣ ಎಂದು ಓಣಿಯವರನ್ನೆಲ್ಲ ಕೇಳಿಕೊಂಡು ಬಂದಿದ್ದಳು.

ಆಗ ನಡೆದದ್ದು ಜಗಳೂರಿನ ಸಂಗತಿ. ಹತ್ತು ವರ್ಷವಾಯಿತು.

ಜಗಳೂರಿನಿಂದಾಚೆ ಒಂದು ಹಳ್ಳಿಯಲ್ಲಿ ಗಾದ್ರಮ್ಮ ಎಂಬ ವಿಧವೆ, ಎರಡೆಕರೆ ಹೊಲದವಳು. ಬೋರು ಕೊರೆಸಲೆಂದೇ ಇಪ್ಪತ್ತಾರು ಕುರಿ ಮಾರಿದ್ದಳು. ದಾರಿ ದೂರ ಎಂದು ನಾನು ಲಾರಿಯನ್ನೂ ಚಿತ್ತಪ್ಪನನ್ನೂ ಒಟ್ಟಿಗೇ ಕರೆದುಕೊಂಡು ಹೋದೆ. ಅದೇ ನಾನು ಮಾಡಿದ ಮೊದಲ ತಪ್ಪು. ಚಿತ್ತಪ್ಪ ಎರಡೆಕರೆಯನ್ನೂ ಮೂರು ಸಲ ಸುತ್ತಿದ. ಕಾಯಿ ಮಲಗಿದ್ದು ಮಲಗಿಯೇ ಇತ್ತು. ನಾನು ಹತ್ತಿರ ಹೋಗಿ ಮೆಲ್ಲಗೆ ಹೇಳಿದೆ.

"ಖಾಲಿ ಲಾರಿ ವಾಪಸ್ ಹೊಡ್ಕಂಡು ಹೋದ್ರೆ ಡೀಸೆಲ್‌ಗೆ ಯಾರಪ್ಪ ಕೊಡ್ತಾರೆ? ನಿಂಗೂ ಕಲ್ಲಿಟ್ರೆ ತಾನೆ ದುಡ್ಡು?"

ಅವನು ನನ್ನ ಮುಖ ನೋಡಿದ. ನಾಲ್ಕು ಹೆಜ್ಜೆ ನಡೆದ. ಕಾಯಿ ಎದ್ದು ನಿಂತಿತು. ಕಲ್ಲಿಟ್ಟ.

ಆರುನೂರ ನಲವತ್ತು ಅಡಿ ಕೊರೆದೆವು. ಹನಿ ನೀರಿಲ್ಲ, ಬರೀ ಬಿಳಿ ಧೂಳು. ಗಾದ್ರಮ್ಮ ಬೆಳಿಗ್ಗೆಯಿಂದ ಬದುವಿನ ಮೇಲೆ ನಿಂತವಳು ಕದಲಿರಲಿಲ್ಲ. ತಲೆ, ಸೀರೆ, ಕಣ್ಣಿನ ರೆಪ್ಪೆ ಎಲ್ಲ ಬೆಳ್ಳಗಾಗಿತ್ತು. ಕಣ್ಣುಗಳು ಮಾತ್ರ ಕಪ್ಪಗೆ ಉಳಿದಿದ್ದವು. ಅಳುತ್ತಾಳೆ, ಬೈಯುತ್ತಾಳೆ, ಮಣ್ಣು ತೂರುತ್ತಾಳೆ ಎಂದು ನಾನು ಕಾದೆ. ಅಂಥದ್ದಕ್ಕೆಲ್ಲ ನನ್ನ ಹತ್ತಿರ ಉತ್ತರ ರೆಡಿ ಇರುತ್ತದೆ.

ಅವಳು ಹೇಳಿದ್ದು ಇಷ್ಟೇ. "ಹೊತ್ತಾಗೈತೆ, ಉಂಡು ಹೋಗ್ರಪ್ಪ. ಬೆಳಿಗ್ಗೇನೆ ಅನ್ನ ಮಾಡಿಟ್ಟೀನಿ. ಗಂಗಮ್ಮ ಬರ್ಲಿಲ್ಲ ಅಂದ್ರೆ ನೀವೇನು ಮಾಡಾಕೆ ಆಗ್ತೈತೆ?"

ಉಂಡೆವು. ಚಿತ್ತಪ್ಪ ಒಂದು ತುತ್ತು ಕಲಸಿ ಕೈಯಲ್ಲೇ ಹಿಡಿದುಕೊಂಡು ಕೂತಿದ್ದ. ವಾಪಸ್ ಬರುವಾಗ ಗಾಡಿಯಲ್ಲಿ ಬಾಯಿ ಬಿಟ್ಟ. "ಕಾಯಿ ಏಳಲಿಲ್ಲ ಖಲೀಲಣ್ಣ. ಹೆಬ್ಬೆಟ್ಟಿನ ಬುಡದಾಗೆ ಒತ್ತಿ ನಾನೇ ಎಬ್ಬಿಸಿದೆ."

"ಆಗಿದ್ದು ಆತು, ಬಿಡು" ಎಂದೆ. ನನಗೆ ಗೊತ್ತಿಲ್ಲದ ಸಂಗತಿಯೇನಲ್ಲ.

ಅದಾದ ಮೇಲೆ ಅವನಿಗೆ ಅವಳು ಕಾಣಿಸತೊಡಗಿದಳು. ಯಾರದೋ ತೋಟದಲ್ಲಿ ಕಾಯಿ ಎದ್ದು ನಿಲ್ಲುತ್ತಿದ್ದಂತೆ ಚಿತ್ತಪ್ಪ ತಲೆಯೆತ್ತಿ ಬದುವಿನ ಕಡೆ ನೋಡುತ್ತಿದ್ದ. "ಅಲ್ಲಿ ನಿಂತಿರೋದು ಯಾರು?" ಎಂದು ಕೇಳುತ್ತಿದ್ದ. ಅಲ್ಲಿ ಯಾರೂ ಇರುತ್ತಿರಲಿಲ್ಲ. "ಬಿಳಿ ಧೂಳಾಗೆ ಮುಳುಗಿದಂಗೆ ನಿಂತಾಳಲ್ಲ" ಎನ್ನುತ್ತಿದ್ದ. ಗಾದ್ರಮ್ಮ ಜಗಳೂರಿನಲ್ಲಿ ಬದುಕಿಯೇ ಇದ್ದಳು, ಶಾಲೆಯ ಬಿಸಿಯೂಟಕ್ಕೆ ಅಡುಗೆ ಮಾಡಿಕೊಂಡಿದ್ದಳು. ಬದುಕಿರುವವಳು ದೆವ್ವವಾಗುವುದು ಹೇಗೆ ಎಂದು ನಾನು ನಕ್ಕೆ. ನನ್ನ ಹೆಂಡತಿ ನಿಲೋಫರ್ ಮಾತ್ರ ನಗಲಿಲ್ಲ, ದರ್ಗಾಕ್ಕೆ ಕರೆದುಕೊಂಡು ಹೋಗಿ ತಾಯಿತ ಕಟ್ಟಿಸಿ ಎಂದಳು. ಕಟ್ಟಿಸಿದೆ. ತಾಯಿತ ಕಟ್ಟಿದ ಕೈಯಲ್ಲೇ ಕಾಯಿ ಎದ್ದಾಗ ಅವಳು ಮತ್ತೆ ನಿಂತಿದ್ದಳಂತೆ.

ಆ ಬೇಸಿಗೆಯಲ್ಲೇ ಒಂದು ಭಾನುವಾರ ನ್ಯಾಮತಿ ರಸ್ತೆಯಲ್ಲಿ ಬರುವಾಗ ಬಾಯಾರಿಕೆಯಾಗಿ ಅವನು ಒಂದು ತಗಡಿನ ಶೆಡ್ಡಿಗೆ ನುಗ್ಗಿದ. ಅದು ಕ್ರೈಸ್ತರ ಪ್ರಾರ್ಥನಾಲಯ. ಕೂಲಿನಾಲಿ ಮಾಡುವ ನಲವತ್ತು ಮಂದಿಯ ಸಭೆ. ನೀರು ತೋರಿಸುವವನು ನೀರು ಕೇಳಿಕೊಂಡು ಅಲ್ಲಿಗೆ ಹೋದ. ಒಂದು ಕಿಲೋಮೀಟರ್ ದೂರದಿಂದ ಹೊತ್ತು ತಂದ ಕೊಡದ ತಳದಲ್ಲಿ ಉಳಿದದ್ದನ್ನು ಬಗ್ಗಿಸಿ ಒಂದು ಲೋಟ ಕೊಟ್ಟರು. ಕುಡಿದು ಹಿಂದೆ ಕೂತ. ಮೊದಲು ಆಟೋ ಓಡಿಸುತ್ತಿದ್ದ ಪಾಸ್ಟರ್ ಸುದೀಪ್ ಅವತ್ತು ಮುಷ್ಟಿಯ ಬಗ್ಗೆ ಮಾತಾಡುತ್ತಿದ್ದರಂತೆ. ದುಡ್ಡನ್ನು ಬಿಗಿಯಾಗಿ ಹಿಡಿದ ಕೈಗೆ ಯೇಸು ಏನನ್ನಾದರೂ ಕೊಡಬೇಕೆಂದರೂ ಎಲ್ಲಿಡುವುದು ಎಂದು ಕೇಳಿದರಂತೆ.

ಆರು ತಿಂಗಳು ಪ್ರತಿ ಭಾನುವಾರ ಹೋದ. ಹೊನ್ನಾಳಿಯಲ್ಲಿ ತುಂಗಭದ್ರೆಗೆ ಇಳಿದು ದೀಕ್ಷಾಸ್ನಾನ ತೆಗೆದುಕೊಂಡ. ಹೆಸರು ಬದಲಿಸಲಿಲ್ಲ. "ಕರ್ದೋನಿಗೆ ನನ್ನ ಹೆಸರು ಗೊತ್ತೈತೆ ಬಿಡ್ರಿ" ಎಂದನಂತೆ. ಮಾರನೆಯ ದಿನ ನನ್ನ ಆಫೀಸಿಗೆ ಬಂದು ಇನ್ನು ಮೇಲೆ ಕಾಯಿ ಹಿಡಿಯುವುದಿಲ್ಲ ಎಂದ.

"ಪಾಸ್ಟರ್ ಬ್ಯಾಡ ಅಂದ್ರಾ?"

"ಅವರೂ ಅಂದ್ರು. ಆದ್ರೆ ಅದಕ್ಕಲ್ಲ. ಈ ಕೈ ಒಂದ್ಸಲ ಸುಳ್ಳು ಹೇಳೈತೆ ಖಲೀಲಣ್ಣ. ಇನ್ನು ಕಾಯಿ ಎದ್ರೆ ನೀರು ಎಬ್ಬಿಸ್ತೋ ಆಸೆ ಎಬ್ಬಿಸ್ತೋ ನಂಗೇ ತಿಳಿಯಲ್ಲ. ಇದನ್ನು ಇಟ್ಕಂಡು ದೇವರ ಮುಂದೆ ಹೆಂಗೆ ಕೈ ಮುಗೀಲಿ?"

ನಾನು ಬೈದೆ, ಕಾಲು ಹಿಡಿದೆ, ಮತ್ತೆ ಬೈದೆ. ಅವನು ಮನೆಗೆ ಹೋಗಿ ಆ ಕಾಯಿಯನ್ನು ದುರುಗಕ್ಕನ ಕೈಗೆ ಕೊಟ್ಟು ಚಟ್ನಿ ಮಾಡು ಎಂದ. ಮಾಡಿದಳು. ತಾನು ಮಾತ್ರ ತಿನ್ನಲಿಲ್ಲ. "ದೇವರು ಬ್ಯಾಡ ಅನ್ನಲ್ಲ ನಾನು. ನಿಮ್ಮ ದೇವರಿಗೆ ನನ್ನ ಮಾಳಿಗೆ ಕಂಡ್ರೆ ಯಾಕೆ ಹೊಟ್ಟೆಉರಿ, ಅದನ್ನ ಹೇಳ್ರಿ" ಎಂದು ಕೇಳಿದಳು. ಮಾಳಿಗೆಯ ಕಂಬಿಗಳು ಇವತ್ತಿಗೂ ತುಕ್ಕು ಹಿಡಿದು ನಿಂತಿವೆ. ದುರುಗಕ್ಕ ಅವುಗಳಿಗೆ ಹಗ್ಗ ಕಟ್ಟಿ ಬಟ್ಟೆ ಒಣಹಾಕುತ್ತಾಳೆ.

ಚಿತ್ತಪ್ಪ ನ್ಯಾಮತಿಯ ಮೆಕ್ಕೆಜೋಳದ ಗೋದಾಮಿನಲ್ಲಿ ಚೀಲ ಹೊರುವ ಕೂಲಿಗೆ ಸೇರಿದ. ಯಾಕಪ್ಪ ಅದೇ ಬೇಕು ಎಂದರೆ, ನೆಲಕ್ಕೆ ದಪ್ಪ ಸಿಮೆಂಟ್ ಹಾಕಿದ್ದಾರೆ, ಕೆಳಗಿನದು ಏನೂ ಕೇಳಿಸುವುದಿಲ್ಲ ಎಂದ. ಕಾಯಿ ಬಿಟ್ಟರೂ ಕೈ ಅವನನ್ನು ಬಿಟ್ಟಿರಲಿಲ್ಲ. ಹೊಲದ ಬದುವಿನ ಮೇಲೆ ನಡೆದರೆ ಅಂಗೈ ಬಿಸಿಯಾಗುತ್ತದೆ, ಅಂಗಾಲು ಜುಮ್ಮೆನ್ನುತ್ತದೆ, ನಿಲ್ಲು ನಿಲ್ಲು ಎನ್ನುತ್ತದೆ. ಹಾಗೆ ಹೇಳುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ.

ನಮ್ಮ ಜನವಾದರೂ ಸುಮ್ಮನಿರಬೇಕಲ್ಲ. ಚಿತ್ತಪ್ಪ ಕಾಯಿ ಬಿಟ್ಟಿದ್ದಾನೆ, ಕಾಲು ಬಿಟ್ಟಿಲ್ಲ, ಅವನು ನಿಂತಲ್ಲಿ ನೀರು ಎಂದು ಯಾರೋ ಸುದ್ದಿ ಹಬ್ಬಿಸಿದರು. ಒಂದು ಮದುವೆಗೆಂದು ಕೆರೆಬಿಳಚಿಗೆ ಹೋದಾಗ ಅವನು ಒಂದು ಬೇಲಿಯ ಮರೆಯಲ್ಲಿ ಉಚ್ಚೆ ಹೊಯ್ಯಲು ನಿಂತ. ಹೊಲದ ಯಜಮಾನ ಓಡಿಬಂದು ಅಲ್ಲೇ ಕಲ್ಲಿಟ್ಟ, ವಾರದೊಳಗೆ ಕೊರೆಸಿದ, ಎರಡಿಂಚು ನೀರು ಬಂತು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಚಿತ್ತಪ್ಪ ನಗಲಿಲ್ಲ. ಮಾರನೆಯ ದಿನವೇ ದಪ್ಪ ಬೂಟು ಕೊಂಡ. ಮಣ್ಣಿನ ಮೇಲೆ ನಡೆಯುವುದನ್ನು ಬಿಟ್ಟ. ಹಾಗೆ ಎಂಟು ವರ್ಷ ಕಳೆಯಿತು. ಕಾಯಿ ಬಿಟ್ಟ ಮೇಲೆ ಆ ಬಿಳಿ ಹೆಂಗಸೂ ಕಾಣಿಸುವುದನ್ನು ಬಿಟ್ಟಿದ್ದಳು.

ಹೋದ ವರ್ಷ ಸಭೆಯವರು ಶೆಡ್ಡಿನ ಹಿಂದೆ ಬೋರು ಕೊರೆಸಬೇಕೆಂದರು. ಪಾಸ್ಟರ್ ಸುದೀಪ್ ನನ್ನ ಆಫೀಸಿಗೆ ಬಂದು ಚಿತ್ತಪ್ಪನನ್ನೂ ಕರೆಸಿದರು. ಮಾತಾಡುವಾಗ ಅವನ ಕಣ್ಣು ನೋಡಲಿಲ್ಲ.

"ಅಣ್ಣಾ, ಹೆಣ್ಣುಮಕ್ಕಳು ಅಷ್ಟು ದೂರದಿಂದ ಕೊಡ ಹೊರ್ತಾರೆ. ಕಾಯಿ ಹಿಡೀಬ್ಯಾಡ. ಬೂಟು ಬಿಚ್ಚಿ ಸುಮ್ನೆ ಒಂದ್ಸಲ ಅಡ್ಡಾಡು, ಸಾಕು."

ಚಿತ್ತಪ್ಪ ಬೂಟಿನ ಕಾಲನ್ನು ಹಿಂದಕ್ಕೆ ಎಳೆದುಕೊಂಡ. "ಪಾಸ್ಟರೇ, ಬಿಡ್ರಿ ಅಂದೋರು ನೀವೇ" ಎಂದ. ಸುದೀಪ್ ತಲೆ ತಗ್ಗಿಸಿ ತಪ್ಪಾಯಿತು ಎಂದರು. ಒಳ್ಳೆಯ ಹುಡುಗ, ಸುಳ್ಳು ಯಾಕೆ ಹೇಳಲಿ.

ಮಷಿನ್‌ನವನನ್ನು ಕರೆಸಿದರು. ಅವನು ತೋರಿಸಿದ ಕಡೆ ಐನೂರು ಅಡಿ ಕೊರೆದರೂ ಧೂಳೇ. ಹೆಂಗಸರು ಕೂಲಿಯಲ್ಲಿ ಉಳಿಸಿದ್ದನ್ನು ಮತ್ತೆ ಕೂಡಿಸಿದರು. ಎರಡನೆಯ ಬೋರಿಗೆ ಲಾರಿ ಬಂದು ನಿಂತ ಬೆಳಿಗ್ಗೆ, ಮೊದಲು ಪ್ರಾರ್ಥನೆ ಎಂದು ಸುದೀಪ್ ಎಲ್ಲರನ್ನೂ ಬಯಲಿನಲ್ಲಿ ಸೇರಿಸಿದರು. ಪ್ರಾರ್ಥನೆಗೆ ಎಲ್ಲರೂ ಚಪ್ಪಲಿ ಬಿಚ್ಚಿದರು. ಚಿತ್ತಪ್ಪನೂ ಬೂಟು ಬಿಚ್ಚಬೇಕಾಯಿತು.

ಅವನು ಎಲ್ಲರಿಗಿಂತ ಹಿಂದೆ, ಹುಣಸೆಮರದ ಹತ್ತಿರ ನಿಂತಿದ್ದ. ನಾನು ಲಾರಿಯ ಪಕ್ಕದಿಂದ ನೋಡುತ್ತಿದ್ದೆ. ಪ್ರಾರ್ಥನೆಯ ನಡುವೆ ಅವನ ಮೊಣಕಾಲು ಮಡಚಿಕೊಂಡಿತು. ಕುಸಿದನೋ ಊರಿದನೋ ಹೇಳಲಾರೆ. ಎರಡೂ ಅಂಗೈ ನೆಲಕ್ಕೆ ಹಚ್ಚಿ ಬಿಕ್ಕಿಬಿಕ್ಕಿ ಅತ್ತ. ಎಂಟು ವರ್ಷದಲ್ಲಿ ಆ ಮುಷ್ಟಿ ಬಿಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪ್ರಾರ್ಥನೆ ಮುಗಿದ ಮೇಲೂ ಅವನು ಏಳಲಿಲ್ಲ. ಆಮೇಲೆ ಎದ್ದು ಬೂಟಿನ ಕಡೆ ಹೋದ.

ಯಾರೂ ನೋಡದ ಹಾಗೆ ನಾನು ಅವನು ಮೊಣಕಾಲೂರಿದ್ದಲ್ಲಿ ಒಂದು ಕಲ್ಲಿಟ್ಟೆ. ಡ್ರೈವರ್‌ಗೆ ಇಲ್ಲೇ ಹಾಕು ಎಂದೆ.

ಇನ್ನೂರ ಹತ್ತು ಅಡಿಗೆ ನೀರು ಚಿಮ್ಮಿತು. ಮೂರೂವರೆ ಇಂಚು! ಹೆಂಗಸರು ಮಕ್ಕಳೆಲ್ಲ ಕೆಸರು ನೀರಲ್ಲಿ ತೊಯ್ದು ಸ್ತೋತ್ರ ಎಂದು ಕೂಗಿದರು. ಸುದೀಪ್ ಅಳುತ್ತಿದ್ದರು. ಯಾರೋ ಮೊಬೈಲಿನಲ್ಲಿ ಹಿಡಿದು ಊರೂರಿಗೆ ಕಳಿಸಿದರು. ಚಿತ್ತಪ್ಪ ಬೂಟನ್ನು ಕೈಯಲ್ಲೇ ಹಿಡಿದು ನಿಂತಿದ್ದ. ಅವನು ನೀರನ್ನು ನೋಡುತ್ತಿರಲಿಲ್ಲ, ಪಕ್ಕಕ್ಕೆ ಎಸೆದಿದ್ದ ಕಲ್ಲನ್ನು ನೋಡುತ್ತಿದ್ದ.

"ಕಲ್ಲು ಇಟ್ಟೋರು ಯಾರು?"

"ನಾನೇ" ಎಂದೆ. ಹೆಮ್ಮೆಯಿಂದಲೇ ಹೇಳಿದೆ.

ಅವನು ಹತ್ತಿರ ಬಂದ. "ನಾನು ಪ್ರಾರ್ಥನೆ ಮಾಡ್ತಿದ್ದೆ ಖಲೀಲಣ್ಣ. ಪ್ರಾರ್ಥನೇನೇ ಮಾಡ್ತಿದ್ದೆ ತಾನೆ?"

ಅವನು ನಿಜವಾಗಿ ಕೇಳುತ್ತಿದ್ದ. ಉತ್ತರ ನನ್ನ ಹತ್ತಿರ ಇದೆ ಎಂಬಂತೆ ಬಾಯಿಯನ್ನೇ ನೋಡುತ್ತಿದ್ದ. ನನಗೆ ಮೊದಲ ಸಲ ಭಯವಾಯಿತು.

ಹದಿನೈದು ದಿನದಲ್ಲಿ ಸಂತೇಬೆನ್ನೂರಿನ ಮಹೇಶ್ವರಪ್ಪನವರ ಕಾರು ಸವಳಂಗಕ್ಕೆ ಬಂತು. ನೂರೆಕರೆಯ ಕುಳ. ನಾನೇ ಕರೆತಂದಿದ್ದೆ, ಮುಚ್ಚಿಡುವುದೇನು. ಅವರು ಕುರ್ಚಿಯಲ್ಲಿ ಕೂತು ಮೆತ್ತಗೆ ಮಾತಾಡಿದರು. "ಕಾಯಿ ಬ್ಯಾಡ, ನಿಂಬೆಹಣ್ಣು ಬ್ಯಾಡ, ನಮ್ಮ ದೇವರೂ ಬ್ಯಾಡ. ನಿಮ್ಮ ಯೇಸಪ್ಪನ್ನೇ ನೆನೆಸ್ಕಳ್ರಿ. ನಮ್ಮ ತೋಟದಾಗೆ ಒಂದ್ಹತ್ತು ಕಡೆ ಮೊಣಕಾಲೂರಿ ಬರ್ರಿ. ಒಂದೊಂದು ಸಲಕ್ಕೂ ಒಂದೊಂದು ಲಕ್ಷ. ದುಡ್ಡು ಬ್ಯಾಡ ಅಂದ್ರೆ ನಿಮ್ಮ ಚರ್ಚಿಗೆ ಗೋಡೆ ಕಟ್ಟಿಸ್ತೀನಿ."

ದುರುಗಕ್ಕ ಬಾಗಿಲಲ್ಲಿ ನಿಂತಿದ್ದಳು. "ಕಾಯಿ ಬಿಟ್ರಿ, ನಾನು ಸುಮ್ನಿದ್ದೆ. ಇದು ನಿಮ್ಮ ದೇವರೇ ಕೊಟ್ಟಿದ್ದು. ಇದನ್ನೂ ಬ್ಯಾಡ ಅಂದ್ರೆ ಅದು ಭಕ್ತಿ ಅಲ್ಲ, ಸೊಕ್ಕು" ಎಂದಳು. ಅವಳ ಮಾತು ನನಗೆ ಸರಿಯೆನ್ನಿಸಿತು. ಇವತ್ತಿಗೂ ಅದು ತಪ್ಪು ಎಂದು ಸಾಧಿಸಲಾರೆ.

ಚಿತ್ತಪ್ಪ ಹೆಂಡತಿಗೇ ಉತ್ತರ ಕೊಟ್ಟ. "ಕೈ ಮಾರಿಕೊಂಡೆ ದುರುಗಿ. ಮೊಣಕಾಲು ಒಂದು ಉಳ್ದಿತ್ತು. ಅದನ್ನೂ ಮಾರಿದ್ರೆ ಅವನ ಹತ್ರ ಯಾವುದನ್ನ ಊರಿಕೊಂಡು ಹೋಗ್ಲಿ?"

ಕಾರು ಹೋಯಿತು. ಮತ್ತೆರಡು ಕಾರು ಬಂದವು, ಅವೂ ಹೋದವು. ಅಲ್ಲಿಂದ ಮುಂದೆ ಚಿತ್ತಪ್ಪ ಪ್ರಾರ್ಥನೆಗೆ ಮೊಣಕಾಲೂರುವುದನ್ನೇ ಬಿಟ್ಟ, ನಿಂತೇ ಮಾಡುತ್ತಿದ್ದ. ಸಭೆಯ ನಲ್ಲಿಯಲ್ಲಿ ಎಲ್ಲರೂ ಬೊಗಸೆ ಒಡ್ಡಿ ಕುಡಿಯುವಾಗ ಅವನು ಮನೆಯಿಂದ ತಂದ ಬಾಟಲಿ ಎತ್ತುತ್ತಿದ್ದ. ಒಂದು ದಿನ ನನಗೆ ಫೋನ್ ಮಾಡಿದ. ಅವಳು ಮತ್ತೆ ಬಂದಿದ್ದಾಳೆ ಎಂದ. ಈ ಸಲ ಬದುವಿನ ಮೇಲಲ್ಲ, ಪ್ರಾರ್ಥನಾಲಯದ ಒಳಗೆ, ಹೆಂಗಸರ ಸಾಲಿನ ಕೊನೆಯಲ್ಲಿ ಕೂರುತ್ತಾಳಂತೆ. ರೆಪ್ಪೆಯಿಂದ ಧೂಳು ಉದುರುತ್ತದಂತೆ.

"ಒಂಬತ್ತು ವರ್ಷ ದೇವರ ಹತ್ರ ಹೇಳ್ಕಂಡೀನಿ ಖಲೀಲಣ್ಣ. ಅವಳ ಹತ್ರ ಹೇಳಿಲ್ಲ. ಅದಕ್ಕೇ ನನ್ನ ಪ್ರಾರ್ಥನೆ ಯಾವುದು, ನೀರು ಯಾವುದು ಅಂತ ನಂಗೆ ತಿಳೀತಿಲ್ಲ. ಜಗಳೂರಿಗೆ ಕರ್ಕಂಡು ಹೋಗು."

ಹೋಗಬಾರದಿತ್ತು ಎಂದು ಈಗಲೂ ಅನ್ನಿಸುತ್ತದೆ. ಆದರೆ ಹುಣಸೆಮರದ ಹತ್ತಿರ ಆ ಕಲ್ಲು ಇಟ್ಟವನು ನಾನು. ಹೋದೆ.

ಗಾದ್ರಮ್ಮ ಮುದುಕಿಯಾಗಿದ್ದಳು. ಅಂಗಳದಲ್ಲಿ ಕೂತು ಹುರುಳಿ ಕೇರುತ್ತಿದ್ದವಳು ನಮ್ಮನ್ನು ಕಂಡು ಮೊರ ಕೆಳಗಿಟ್ಟಳು. ಹಿಂದಿನ ಹೊಲದಲ್ಲಿ ಆ ಬೋರಿನ ಬಾಯಿಗೆ ಚಪ್ಪಡಿ ಮುಚ್ಚಿದ್ದು ಕಾಣುತ್ತಿತ್ತು. ಚಪ್ಪಡಿ ಅಲುಗದಂತೆ ಅದರ ಮೇಲೆ ಎರಡು ಗುಂಡುಕಲ್ಲು. ಅದರಲ್ಲೊಂದು ಅವತ್ತು ಚಿತ್ತಪ್ಪ ಇಟ್ಟ ಪಾಯಿಂಟಿನ ಕಲ್ಲು.

"ನೀನೇನಪ್ಪ! ಮೊಬೈಲಾಗೆ ತೋರಿಸಿದ್ರು. ನೀನು ಮೊಣಕಾಲೂರಿದ ಕಡೆ ನೀರು ಬರ್ತೈತಂತೆ" ಎಂದಳು. ಅವಳ ಮುಖ ಅರಳಿತ್ತು. "ದೇವರು ದೊಡ್ಡೋನು. ನಾನು ಹೇಳಿ ಕಳಿಸಾಕೆ ಮುಂಚೆ ನೀನೇ ಬಂದೆ. ನನ್ನ ಹೊಲದಾಗೂ ಒಂದ್ಸಲ ಊರಪ್ಪ. ಕೊಡಾಕೆ ನನ್ನತ್ರ ಏನೂ ಇಲ್ಲ."

 ಲಕ್ಷ ಕೊಡುವವರಿಗೆ ಇಲ್ಲ ಎಂದವನು ಏನೂ ಇಲ್ಲದವಳಿಗೆ ಇಲ್ಲ ಎನ್ನಬೇಕಿತ್ತು. ಅದೂ ಇವಳಿಗೆ. ಚಿತ್ತಪ್ಪ ಹೊಲದ ಕಡೆ ಒಮ್ಮೆ ನೋಡಿದ. ಹೋಗೇ ಬಿಡುತ್ತಾನೆ ಎಂದುಕೊಂಡೆ. ಹೋದರೆ ಸಾಕು, ಎಲ್ಲರಿಗೂ ಸುಲಭವಾಗುತ್ತದೆ ಎಂದು ಒಳಗೊಳಗೇ ಬೇಡಿಕೊಂಡೆ.

ಅವನು ಬೂಟು ಬಿಚ್ಚಿದ. ಹೊಲಕ್ಕೆ ಹೋಗಲಿಲ್ಲ. ಸಗಣಿ ಸಾರಿಸಿದ ಅಂಗಳದಲ್ಲಿ, ಅವಳ ಮುಂದೆಯೇ ಮೊಣಕಾಲೂರಿದ.

"ಅವ್ವಾ, ಅವತ್ತು ಕಾಯಿ ಏಳಲಿಲ್ಲ. ದುಡ್ಡಿನಾಸೆಗೆ ನಾನೇ ಎಬ್ಬಿಸಿದೆ. ನಿನ್ನ ಹೊಲದಾಗೆ ನೀರಿಲ್ಲ ಅಂತ ನಂಗೆ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಕುರಿ ತಿಂದೆ, ನಿನ್ನ ಅನ್ನದ ಮುಂದೆ ಕೂತೆ."

ಗಾದ್ರಮ್ಮ ಅಲುಗಲಿಲ್ಲ. ಮುಖದಲ್ಲಿ ಅರಳಿದ್ದು ಹಾಗೇ ಆರಿಹೋಯಿತು. ಕೇರಿದ ಹುರುಳಿಯ ಹೊಟ್ಟು ಅವಳ ತಲೆ, ಹುಬ್ಬು, ರೆಪ್ಪೆಗೆಲ್ಲ ಕೂತಿತ್ತು. ಆಗ ನಾನು ಅವಳನ್ನು ನೋಡಿದೆ, ಚಿತ್ತಪ್ಪನಿಗೆ ಕಾಣಿಸುತ್ತಿದ್ದವಳನ್ನು. ಅವಳು ಎದ್ದು ಹಿಂದಿನ ಹೊಲಕ್ಕೆ ಹೋದಳು. ಚಪ್ಪಡಿಯ ಮೇಲಿನ ಎರಡೂ ಕಲ್ಲುಗಳನ್ನು ಮಡಿಲಿಗೆ ಹಾಕಿಕೊಂಡು ನಿಧಾನಕ್ಕೆ ಬಂದಳು. ಹೊಡೆಯುತ್ತಾಳೆ ಎಂದುಕೊಂಡೆ. ಚಿತ್ತಪ್ಪನೂ ಹಾಗೇ ಅಂದುಕೊಂಡಿರಬೇಕು, ತಲೆ ಬಗ್ಗಿಸಿಯೇ ಇದ್ದ.

ಅವಳು ಒಂದು ಕಲ್ಲನ್ನು ಅವನ ಮೊಣಕಾಲಿನ ಮುಂದೆ ಇಟ್ಟಳು.

"ಇಲ್ಲಿ ಯಾರೂ ಕೊರೆಯಂಗಿಲ್ಲ" ಎಂದಳು. "ನೀನು ಊರಿದ್ದು ಸುಳ್ಳಲ್ಲ ಅಂತ ಗುರುತಿಗೆ ಇರ್ಲಿ. ಏಳು, ಅನ್ನ ಐತೆ."

ಚಿತ್ತಪ್ಪ ಎದ್ದು, ಮೂಲೆಯ ಹರವಿಯಿಂದ ಅವಳು ಕೊಟ್ಟ ನೀರನ್ನು ಗಟಗಟ ಕುಡಿದ. ನಲ್ಲಿಯ ನೀರನ್ನು ಅವನು ಸಭೆಯಲ್ಲಿ ಎಲ್ಲರ ಜೊತೆ ಕುಡಿಯತೊಡಗಿದ್ದು ಅದರ ಮುಂದಿನ ಭಾನುವಾರ.

ಆದರೆ ಗಾದ್ರಮ್ಮ ಒಳಗೆ ಹೋಗಿರಲಿಲ್ಲ. ನನ್ನ ಕಡೆ ತಿರುಗಿದ್ದಳು.

"ಲಾರಿ ತಂದೋನು ನೀನಲ್ಲೇನು?"

"ಹೌದು" ಎಂದೆ.

"ಇನ್ನೊಂದು ಕಲ್ಲು ಐತೆ" ಎಂದಳು, ಮಡಿಲನ್ನು ಹಿಡಿದುಕೊಂಡೇ.

ನನ್ನ ಕೈ ಗಾಡಿಯ ಕೀಲಿಗೆ ಹೋಯಿತು. ಅವಳು ಕಾದಳು. ಚಿತ್ತಪ್ಪನೂ ಕಾದ. ನಾನು ಮೊಣಕಾಲೂರಲಿಲ್ಲ, ನಿಂತೇ ಇದ್ದೆ. ಅವಳು ಕೊನೆಗೆ ಆ ಕಲ್ಲನ್ನು ಬಾಗಿಲ ಪಕ್ಕದಲ್ಲಿಟ್ಟು ಅನ್ನ ಬಡಿಸಲು ಒಳಗೆ ಹೋದಳು.

ಈಗ ಲಾರಿ ಧೂಳೆಬ್ಬಿಸಿದಾಗ ನಾನು ಬದುವಿನ ಕಡೆ ನೋಡುವುದಿಲ್ಲ.